ಬೆಂಕಿ ಕೆಲಸ: ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಪತ್ರಿಕೆಯವರು ನನ್ನ ಬಗ್ಗೆ ನಾಲ್ಕು ಸಾಲು ಹಾಕಿ, ಫರ್ನೇಸ್ (ಲೋಹ ಕರಗಿಸುವ ಕುಲುಮೆ), ಫೈರ್ ಬ್ರಿಕ್ (ಉರಿ ತಾಳುವ ಇಟ್ಟಿಗೆ), ಎಲೆಕ್ಟ್ರೋಡ್ (ಕುಲುಮೆಗೆ ಕರೆಂಟು ಒಯ್ಯುವ ಇಂಗಾಲದ ಕಂಬ) ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದರು. ಇಷ್ಟು ಕಾಗದ ಬರುತ್ತದೆ ಎಂದು ಎಣಿಸಿರಲಿಲ್ಲ. ಹೊಸ ಓದುಗರಿಗಾಗಿ ಒಂದು ಮಾತು. ನನ್ನ ಅಪ್ಪ ಜೆಪ್ಪು ಕಡೆಯ ಹಂಚಿನ ಕಾರ್ಖಾನೆಯಲ್ಲಿ ಗೂಡು ತುಂಬುತ್ತಿದ್ದರು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆಮೇಲೆ ಬೈಕಂಪಾಡಿಯ ಫೌಂಡ್ರಿಗಳಲ್ಲಿ (ಎರಕದ ಕಾರ್ಖಾನೆ) ಫರ್ನೇಸ್ ಲೈನಿಂಗ್, ಅಂದರೆ ಉರಿ ತಾಳುವ ಒಳಪದರ ಹಾಕುವ ಕೆಲಸ. ನಡುವೆ 11 ವರ್ಷ ಹೊರರಾಜ್ಯದ ಸ್ಟೀಲ್ ಕಾರ್ಖಾನೆಯಲ್ಲಿ ಆರ್ಕ್ ಫರ್ನೇಸ್ ಎದುರು ನಿಂತಿದ್ದೆ. ಈಗ ಕುಳಾಯಿಯಲ್ಲಿ ಮನೆಯಲ್ಲೇ ಇದ್ದೇನೆ. ಗೊತ್ತಿದ್ದದ್ದನ್ನು ಹೇಳುತ್ತೇನೆ.

ನಮ್ಮದು ಅಜ್ಜನ ಕಾಲದ ಸೌದೆ ಓವನ್. ಮೇ ತಿಂಗಳಲ್ಲಿ ಒಳಗಿನ ಹಳೇ ಇಟ್ಟಿಗೆ ತೆಗೆಸಿ ದುಬಾರಿ ಫೈರ್ ಬ್ರಿಕ್ ಹಾಕಿಸಿದೆವು. ಮೂರೇ ತಿಂಗಳಲ್ಲಿ ಸಂದು ಉದುರುತ್ತಿದೆ, ಬ್ರೆಡ್ಡಿನ ಮೇಲೆ ಪುಡಿ ಬೀಳುತ್ತಿದೆ. ಇಟ್ಟಿಗೆಯಲ್ಲಿ ಮೋಸ ಆಗಿದೆಯೇ?
— ಬೇಕರಿ ನಡೆಸುವವರು, ಕುಂದಾಪುರ

ನೀವು ಕಳಿಸಿದ ಫೋಟೋ ನೋಡಿದೆ. ಇಟ್ಟಿಗೆಯ ಬೆನ್ನ ಮೇಲೆ 'ಐಎಸ್ 8' ಎಂಬ ಒತ್ತು ಕಾಣುತ್ತದೆ. ಜಾಸ್ತಿ ಉರಿ ತಾಳುವ ಇಟ್ಟಿಗೆ ಅದು. ನಿಮ್ಮ ಓವನ್‌ಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಐಎಸ್ 6' ಕೂಡ ಧಾರಾಳ ಸಾಕಿತ್ತು. ಇಟ್ಟಿಗೆಯಲ್ಲಿ ತಪ್ಪಿಲ್ಲ. ಸಂದು ನೋಡಿ. ಬೂದು ಬಣ್ಣ, ಅರ್ಧ ಇಂಚು ದಪ್ಪ. ಅದು ಮನೆ ಕಟ್ಟುವ ಸಿಮೆಂಟು, ಅಲ್ವಾ?

ಮನೆ ಸಿಮೆಂಟು ಗಟ್ಟಿಯಾಗುವುದು ನೀರನ್ನು ತನ್ನೊಳಗೆ ಕಟ್ಟಿಕೊಂಡು. 400-500 ಡಿಗ್ರಿ ಬಿಸಿ ತಾಗಿದಾಗ ಆ ನೀರು ಬಿಟ್ಟುಹೋಗುತ್ತದೆ. ಉಳಿಯುವುದು ಸುಟ್ಟ ಸುಣ್ಣದಂಥ ಪುಡಿ. ಓವನ್ ಆರಿದಾಗ ನಮ್ಮ ಕರಾವಳಿಯ ಗಾಳಿಯ ತೇವವನ್ನು ಅದು ಹೀರಿಕೊಂಡು ಉಬ್ಬುತ್ತದೆ. ಮರುದಿನ ಪುನಃ ಬೆಂಕಿ, ಪುನಃ ತೇವ. ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಸುಟ್ಟ ಚಿಪ್ಪಿಗೆ ನೀರು ಚಿಮುಕಿಸಿದರೆ ತಾನಾಗಿ ಅರಳಿ ಪುಡಿಯಾಗುತ್ತದಲ್ಲ, ನಿಮ್ಮ ಸಂದಿನಲ್ಲಿ ಆಗುತ್ತಿರುವುದೂ ಅದೇ.

ಸೌದೆ ಉರಿಯುವ ಜಾಗವನ್ನು ಪೂರ್ತಿ ಬಿಚ್ಚಿಸಿ. ಇಟ್ಟಿಗೆಯನ್ನು ಜೋಪಾನವಾಗಿ ತೆಗೆದರೆ ಅದೇ ಇಟ್ಟಿಗೆ ನಡೆಯುತ್ತದೆ. ಹಳೇ ಸಿಮೆಂಟನ್ನು ಕೆರೆದು ತೆಗೆಯಬೇಕು. ಸಂದಿಗೆ ಏರ್ ಸೆಟ್ಟಿಂಗ್ ಮಾರ್ಟರ್ (ಗಾಳಿಗೇ ಗಟ್ಟಿಯಾಗುವ ಗಾರೆ) ತನ್ನಿ. ಫೈರ್ ಬ್ರಿಕ್ ಮಾರುವವರ ಹತ್ತಿರವೇ ಸಿಗುತ್ತದೆ. ಬರೀ ಫೈರ್ ಕ್ಲೇ (ಉರಿ ತಾಳುವ ಮಣ್ಣು) ಪುಡಿ ತರಬೇಡಿ. ಅದು ಗಟ್ಟಿ ಹಿಡಿಯಲು ಸಾವಿರ ಡಿಗ್ರಿ ದಾಟಬೇಕು. ಬೇಕರಿ ಓವನ್ ಅಷ್ಟಕ್ಕೆ ಹೋಗುವುದಿಲ್ಲ, ಹಾಗಾಗಿ ಅದು ಮಣ್ಣಾಗಿಯೇ ಉಳಿಯುತ್ತದೆ. ಮಾರ್ಟರನ್ನು ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪ ಕಲಸಿ, ಇಟ್ಟಿಗೆಯ ಮುಖ ಅದ್ದಿ, ಪಕ್ಕದ್ದಕ್ಕೆ ಉಜ್ಜಿ ಕೂರಿಸಿ, ಮರದ ಸುತ್ತಿಗೆಯಿಂದ ಎರಡು ಪೆಟ್ಟು. ಸಂದು 2 ಮಿಲಿಮೀಟರ್ ದಾಟಬಾರದು. ನಾವು ಹೊಸ ಹುಡುಗರ ಕೆಲಸ ಪರೀಕ್ಷೆ ಮಾಡುತ್ತಿದ್ದದ್ದು ಹಳೇ ಹ್ಯಾಕ್ಸಾ ಬ್ಲೇಡಿನಿಂದ. ಬ್ಲೇಡ್ ಸಲೀಸಾಗಿ ಒಳಗೆ ಹೋಗಿ ಅಲ್ಲಾಡಿದರೆ ಇಟ್ಟಿಗೆ ತೆಗಿ, ಪುನಃ ಕೂರಿಸು. ಬೆಂಕಿ ತಡೆಯುವುದು ಇಟ್ಟಿಗೆ. ಸಂದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಕಟ್ಟಿ ಮುಗಿದ ದಿನವೇ ಬೆಂಕಿ ಹಾಕಬೇಡಿ. ಎರಡು ದಿನ ಬಾಯಿ ತೆರೆದಿಟ್ಟು ಗಾಳಿಗೆ ಬಿಡಿ. ಮೂರನೇ ದಿನ ನಾಲ್ಕು ಗೆರಟೆಯ ಬೆಂಕಿ, ಸಣ್ಣದು, ಇಡೀ ದಿನ. ನಾಲ್ಕನೇ ದಿನ ಸ್ವಲ್ಪ ಜಾಸ್ತಿ. ಹೊಗೆ ಹೋಗುವ ಬಾಯಿಗೆ ಒಂದು ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದು ನೋಡಿ. ತಟ್ಟೆ ಬೆವರಿದರೆ ಒಳಗೆ ಇನ್ನೂ ನೀರುಂಟು ಎಂದು ಅರ್ಥ. ಬೆವರುವುದು ನಿಂತ ಮೇಲೆ ಸೌದೆ ಹಾಕಿ. ಒಂದು ವಾರದ ವ್ಯಾಪಾರ ಹೋಗುತ್ತದೆ, ನನಗೆ ಗೊತ್ತು. ಆದರೆ ಅವಸರ ಮಾಡಿದರೆ ಇಡೀ ಕೆಲಸದ ದುಡ್ಡೇ ಪುನಃ ಹೋಗುತ್ತದೆ.

ಹಳೇ ಟಾರ್ಚ್ ಸೆಲ್ ಒಡೆದಾಗ ಒಳಗೆ ಕಪ್ಪು ಕಡ್ಡಿ ಸಿಕ್ಕಿತು. ಸ್ಟೀಲ್ ಕರಗಿಸುವ ಎಲೆಕ್ಟ್ರೋಡ್ ಸಹ ಇದೇನಾ? ಕಬ್ಬಿಣವೇ ಕರಗುವಾಗ ಅದು ಯಾಕೆ ಕರಗುವುದಿಲ್ಲ?
— 9ನೇ ತರಗತಿ ವಿದ್ಯಾರ್ಥಿ, ಕಾರ್ಕಳ

ಮಗು, ಮೊದಲು ಕೈ ಸೋಪು ಹಾಕಿ ತೊಳೆದುಕೋ. ಸೆಲ್ಲಿನ ಒಳಗಿನ ಆ ಕಪ್ಪು ಪುಡಿ, ಅಂಟು ಎರಡೂ ಒಳ್ಳೆಯದಲ್ಲ. ಇನ್ನು ಮುಂದೆ ಸೆಲ್ ಒಡೆಯಬೇಡ.

ನಿನ್ನ ಊಹೆ ಸರಿ. ಎರಡೂ ಒಂದೇ ಜಾತಿ, ಇಂಗಾಲ. ನಿನ್ನ ಕಡ್ಡಿ ಕಿರುಬೆರಳಿಗಿಂತ ಸಣ್ಣದು. ನಾನು ಕೆಲಸ ಮಾಡಿದ ಕಡೆ ಒಂದೊಂದು ಎಲೆಕ್ಟ್ರೋಡ್ 600 ಮಿಲಿಮೀಟರ್ ದಪ್ಪ, ಹತ್ತಿರ ಹತ್ತಿರ ಎರಡೂವರೆ ಮೀಟರ್ ಉದ್ದ, ತೂಕ ಒಂದು ಟನ್ನಿಗಿಂತ ಜಾಸ್ತಿ. ಇಬ್ಬರು ಕೈ ಚಾಚಿ ತಬ್ಬಬೇಕು. ಅಂಥ ಮೂರು ಕಂಬಗಳು ಫರ್ನೇಸಿನ ಮುಚ್ಚಳದ ತೂತಿನಿಂದ ಕೆಳಗೆ ಇಳಿಯುತ್ತವೆ. ಅವುಗಳ ತುದಿಗೂ ಕೆಳಗಿನ ಗುಜರಿ ಕಬ್ಬಿಣಕ್ಕೂ ನಡುವೆ ಕರೆಂಟು ಜಿಗಿಯುತ್ತದೆ. ಅದಕ್ಕೆ ಆರ್ಕ್ ಎನ್ನುತ್ತಾರೆ. ಮೊದಲ ಐದು ನಿಮಿಷದ ಸದ್ದು ಹೇಗಿರುತ್ತದೆ ಗೊತ್ತಾ? ತಗಡಿನ ಮಾಡಿನ ಕೆಳಗೆ ನಿಂತಾಗ ಆಷಾಢದ ಮಳೆ, ಗುಡುಗು ಒಟ್ಟಿಗೆ ಬಂದ ಹಾಗೆ. ಎದೆಯೊಳಗೆ ನಡುಗುತ್ತದೆ.

ನಿನ್ನ ಅಜ್ಜನನ್ನು ಕೇಳು. ಹಿಂದೆ ಟಾಕೀಸಿನಲ್ಲಿ ಸಿನಿಮಾ ಬಿಡುತ್ತಿದ್ದದ್ದು ಕಾರ್ಬನ್ ಕಡ್ಡಿಯ ಬೆಳಕಿನಲ್ಲಿ. ಎರಡು ಕಡ್ಡಿಯ ತುದಿ ತಾಗಿಸಿ, ಸ್ವಲ್ಪ ದೂರ ಎಳೆದರೆ ಕಣ್ಣು ಕೋರೈಸುವ ಬೆಳಕು. ಕಡ್ಡಿ ಸವೆದ ಹಾಗೆ ಆಪರೇಟರ್ ಕಪ್ಪು ಗಾಜಿನಲ್ಲಿ ನೋಡಿ ತಿರುಪು ತಿರುಗಿಸಿ ಹತ್ತಿರ ತರಬೇಕು. ಅವನು ಮರೆತರೆ ಪರದೆ ಮಂಕಾಗುತ್ತಿತ್ತು, ಜನ ಶಿಳ್ಳೆ ಹಾಕುತ್ತಿದ್ದರು. ನನ್ನ ಚಿಕ್ಕಪ್ಪ ಹಂಪನಕಟ್ಟೆಯ ಹತ್ತಿರ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ತಾಮ್ರದ ಲೇಪ ಇದ್ದ ಆ ಕಡ್ಡಿಯ ತುಂಡುಗಳನ್ನು ನಮಗೆ ತಂದುಕೊಡುತ್ತಿದ್ದರು. ನಾವು ಅದರಲ್ಲಿ ಅಂಗಳದ ಕಲ್ಲಿನ ಮೇಲೆ ಬರೆಯುತ್ತಿದ್ದೆವು. ಮುಂದೆ ಫರ್ನೇಸ್ ಎದುರು ನಿಂತ ಮೊದಲ ದಿನ ನನಗೆ ನೆನಪಾದದ್ದು ಚಿಕ್ಕಪ್ಪನ ಆ ಸಣ್ಣ ಕೋಣೆ. ಕೆಲಸ ಅದೇ. ಗಾತ್ರ ಮಾತ್ರ ಬೇರೆ.

ಈಗ ನಿನ್ನ ಎರಡನೇ ಪ್ರಶ್ನೆ. ಕಬ್ಬಿಣ 1538 ಡಿಗ್ರಿಯಲ್ಲಿ ಕರಗುತ್ತದೆ. ಎಲೆಕ್ಟ್ರೋಡ್ ಗ್ರಾಫೈಟಿನದ್ದು, ಅದು ಇಂಗಾಲದ ಒಂದು ರೂಪ. ಗ್ರಾಫೈಟ್ ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಕರಗುವುದೇ ಇಲ್ಲ. ಸುಮಾರು 3600 ಡಿಗ್ರಿಯಲ್ಲಿ ಕರ್ಪೂರದ ಹಾಗೆ ನೇರ ಆವಿಯಾಗುತ್ತದೆ. ಇನ್ನೊಂದು ಚೆಂದದ ಗುಣ ಉಂಟು. ಕಬ್ಬಿಣ ಕಾದ ಹಾಗೆ ಮೆತ್ತಗಾಗುತ್ತದೆ. ಗ್ರಾಫೈಟ್ ಸುಮಾರು 2500 ಡಿಗ್ರಿಯವರೆಗೆ ಕಾದಷ್ಟೂ ಗಟ್ಟಿಯಾಗುತ್ತದೆ. ಕರೆಂಟೂ ಹರಿಯುತ್ತದೆ. ಇಷ್ಟೆಲ್ಲ ಒಟ್ಟಿಗೆ ಇರುವ, ಕೊಳ್ಳುವ ಬೆಲೆಗೆ ಸಿಗುವ ವಸ್ತು ಬೇರೆ ಇಲ್ಲ.

ಹಾಗಂತ ಅದು ಸವೆಯುವುದಿಲ್ಲ ಎಂದಲ್ಲ. ತುದಿ ಆವಿಯಾಗುತ್ತದೆ. ಕೆಂಪಗೆ ಕಾದ ಮೈಯನ್ನು ಗಾಳಿ ಇದ್ದಿಲಿನ ಹಾಗೆ ನಿಧಾನ ತಿನ್ನುತ್ತದೆ. ಒಂದು ಟನ್ ಸ್ಟೀಲ್ ಮಾಡುವಾಗ ಒಂದೂವರೆಯಿಂದ ಎರಡೂವರೆ ಕಿಲೋ ಎಲೆಕ್ಟ್ರೋಡ್ ಹೋಗುತ್ತದೆ. ಕೆಳಗೆ ಸವೆದ ಹಾಗೆ ಮೇಲೆ ಇನ್ನೊಂದನ್ನು ಮರೆ (ಸ್ಕ್ರೂವಿನ ಸುತ್ತು) ತಿರುಗಿಸಿ ಜೋಡಿಸುತ್ತೇವೆ.

ಮಾಡುವ ಬಗೆ ನಿನಗೆ ಇಷ್ಟವಾಗಬಹುದು. ಪೆಟ್ರೋಲಿಯಂ ಕೋಕನ್ನು (ಕಚ್ಚಾ ಎಣ್ಣೆ ಶುದ್ಧ ಮಾಡುವಾಗ ಕೊನೆಗೆ ಉಳಿಯುವ ಗಟ್ಟಿ ಇಂಗಾಲ) ಸುಟ್ಟು, ಪುಡಿ ಮಾಡಿ, ರವೆ, ಸಣ್ಣ ರವೆ, ಹಿಟ್ಟು ಎಂದು ಜರಡಿ ಹಿಡಿಯುತ್ತಾರೆ. ದೊಡ್ಡ ಕಾಳಿನ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಹಿಟ್ಟು. ಅದಕ್ಕೆ ಬಿಸಿ ಪಿಚ್ (ಟಾರಿನಿಂದ ಬರುವ ದಪ್ಪ ಅಂಟು) ಹಾಕಿ 150 ಡಿಗ್ರಿ ಆಸುಪಾಸಿನಲ್ಲಿ ಕಲಸುತ್ತಾರೆ. ಆ ಕಣಕವನ್ನು ಭಾರೀ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಮನೆಯ ಚಕ್ಕುಲಿ ಒರಳು ನೆನೆಸಿಕೋ, ಸೇಮ್ ಅದೇ. ಹೊರಬಂದ ಹಸಿ ಕಂಬವನ್ನು ಕೋಕ್ ಪುಡಿಯಲ್ಲಿ ಹುಗಿದು 800ರಿಂದ 1000 ಡಿಗ್ರಿವರೆಗೆ ಬೇಯಿಸುತ್ತಾರೆ. ಗಂಟೆಗೆ ಕೆಲವೇ ಡಿಗ್ರಿ ಏರಿಸಬೇಕು. ಪಿಚ್ಚಿನ ಹೊಗೆ ಹೊರಗೆ ಬರಲು ದಾರಿ ಬೇಕಲ್ಲ. ಅವಸರ ಮಾಡಿದರೆ ಕಂಬ ಒಳಗಿನಿಂದಲೇ ಸೀಳುತ್ತದೆ. ಬೆಂದ ಕಂಬದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ಒತ್ತಡ ಹಾಕಿ ಅದಕ್ಕೆ ಪುನಃ ಪಿಚ್ ಕುಡಿಸುತ್ತಾರೆ, ಪುನಃ ಬೇಯಿಸುತ್ತಾರೆ. ಕೊನೆಗೆ ಕಂಬದ ಮೈಯಲ್ಲೇ ಕರೆಂಟು ಹರಿಸಿ 2800ರಿಂದ 3000 ಡಿಗ್ರಿಗೆ ಏರಿಸುತ್ತಾರೆ. ಆಗ ಅಡ್ಡಾದಿಡ್ಡಿ ಇದ್ದ ಇಂಗಾಲ ಪದರ ಪದರವಾಗಿ ಕೂತು ಗ್ರಾಫೈಟ್ ಆಗುತ್ತದೆ. ಶುರುವಿನಿಂದ ಕೊನೆಗೆ ಮೂರು ನಾಲ್ಕು ತಿಂಗಳು ಬೇಕು.

ಆ ಕೊನೆಯ ಕೆಲಸ ಕಂಡುಹಿಡಿದವರು ಅಮೆರಿಕದ ಎಡ್ವರ್ಡ್ ಅಚೆಸನ್. ಅವರು ಕಾರ್ಬೊರಂಡಮ್ ಎಂಬ ಉಜ್ಜುವ ಕಲ್ಲಿನ ಪುಡಿ ಮಾಡುತ್ತಿದ್ದರು. ಅದನ್ನು ಅತಿಯಾಗಿ ಕಾಯಿಸಿದಾಗ ಸಿಲಿಕಾನ್ ಆವಿಯಾಗಿ ಹೋಗಿ ಗ್ರಾಫೈಟ್ ಉಳಿಯಿತು. 1896ರಲ್ಲಿ ಪೇಟೆಂಟ್ ಸಿಕ್ಕಿತು. ಸ್ಟೀಲಿಗೆ ಆರ್ಕ್ ಫರ್ನೇಸ್ ತಂದವರು ಫ್ರಾನ್ಸಿನ ಪಾಲ್ ಎರೂ, 1900ರ ಸುಮಾರಿಗೆ. ನಿನ್ನ ಹತ್ತಿರದ ಉದಾಹರಣೆ ಬೇಕಾದರೆ ಘಟ್ಟ ಹತ್ತಿ ಭದ್ರಾವತಿಗೆ ಹೋಗಬೇಕು. ಮೊದಲು ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದ ಆ ಕಾರ್ಖಾನೆ ಆಮೇಲೆ ಕರೆಂಟಿನ ಫರ್ನೇಸುಗಳನ್ನೂ ಹಾಕಿತ್ತು.

ನೇತ್ರಾವತಿ ಮಣ್ಣಿನ ಹಂಚು ನೂರು ವರ್ಷ ಬಾಳುತ್ತದೆ. ಹಂಚಿನ ಕಾರ್ಖಾನೆಗಳು ಒಂದೊಂದೇ ಮುಚ್ಚುತ್ತಿವೆ. ಅದೇ ಮಣ್ಣಿನಲ್ಲಿ ಫೈರ್ ಬ್ರಿಕ್ ಮಾಡಬಾರದೇ? ನಮ್ಮ ಜಾಗದಲ್ಲಿ ಶೇಡಿ ಮಣ್ಣೂ ಇದೆ.
— ಕೃಷಿಕರು, ಗುರುಪುರ

ನಿಮ್ಮ ಪ್ರಶ್ನೆ ಓದಿ ಒಂದು ಗಳಿಗೆ ಸುಮ್ನೆ ಕೂತೆ. ಅಪ್ಪನೂ ಒಮ್ಮೆ ಇದನ್ನೇ ಕೇಳಿದ್ದರು.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲಿಯ ಹೊಳೆದಂಡೆಯ ಮಣ್ಣನ್ನು ನಂಬಿ. ಹಂಚಿಗೆ ಅದು ಬಂಗಾರ. ಆದರೆ ಹಂಚು ಬೇಯುವುದು 900-1000 ಡಿಗ್ರಿ ಒಳಗೆ. ಹಂಚಿಗೆ ಆ ಕೆಂಪು ಕೊಡುವುದು ಮಣ್ಣಿನಲ್ಲಿರುವ ಕಬ್ಬಿಣ. ಜಾಸ್ತಿ ಉರಿಯಲ್ಲಿ ಅದೇ ಕಬ್ಬಿಣ ಮಣ್ಣನ್ನು ಕರಗಿಸಲು ಹೊರಡುತ್ತದೆ. ಗೂಡಿನಲ್ಲಿ ಉರಿ ಹೆಚ್ಚಾದ ಮೂಲೆಯ ಹಂಚು ಬಾಗಿ, ಒಂದಕ್ಕೊಂದು ಅಂಟಿ, ಕಪ್ಪು ಗಾಜಿನ ಹಾಗೆ ಹೊಳೆಯುವುದನ್ನು ನೀವೂ ನೋಡಿರಬಹುದು. ಒಳ್ಳೆಯ ಫೈರ್ ಕ್ಲೇ ಇಟ್ಟಿಗೆ 1600 ಡಿಗ್ರಿ ಹತ್ತಿರವೂ ನೀರಾಗಬಾರದು. ಹೊಳೆದಂಡೆ ಮಣ್ಣಿಗೆ ಅದು ಸಾಧ್ಯವಿಲ್ಲ.

ಶೇಡಿಯ ಕತೆ ಬೇರೆ. ಮುರಕಲ್ಲಿನ ಕೆಳಗೆ ಸಿಗುವ ಆ ಬಿಳಿ, ಹಳದಿ ಮಣ್ಣಿನಲ್ಲಿ ಚೀನಾ ಮಣ್ಣಿನ ಅಂಶ ಉಂಟು. ಫೈರ್ ಕ್ಲೇಗೂ ಮೂಲ ಅದೇ. ಆದರೆ ಅದರಲ್ಲಿ ನುಣ್ಣನೆಯ ಮರಳು ಬೆರೆತಿರುತ್ತದೆ. ಗುಂಡಿಯಿಂದ ಗುಂಡಿಗೆ ಬಣ್ಣ ಬದಲಾಗುತ್ತದೆ. ಹಳದಿ, ಗುಲಾಬಿ ಕಂಡಲ್ಲಿ ಕಬ್ಬಿಣ ಉಂಟೆಂದು ಲೆಕ್ಕ. ಬೆಳ್ಳಗಿನ ಭಾಗದಿಂದ ಒಂದು ಮುಷ್ಟಿ ತೆಗೆದು ಬೆರಳುದ್ದದ ಚೂಪು ಗೋಪುರ ಮಾಡಿ. ಅಷ್ಟೇ ದೊಡ್ಡದು ಕೆಂಪು ಮಣ್ಣಿನಲ್ಲೂ ಮಾಡಿ. ನೆರಳಲ್ಲಿ ಒಣಗಿಸಿ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತುಗಳ ವಿಭಾಗ ಉಂಟು. ಅಲ್ಲಿ ಪರೀಕ್ಷೆ ಮಾಡಿಕೊಡುತ್ತಾರಾ ವಿಚಾರಿಸಿ. ಎಷ್ಟು ಡಿಗ್ರಿಗೆ ಯಾವ ಗೋಪುರದ ತುದಿ ಬಾಗುತ್ತದೆ ಎಂಬುದೇ ಪರೀಕ್ಷೆ. ಜಗತ್ತಿನಲ್ಲೆಲ್ಲ ಇದೇ ಕ್ರಮ. ಫಲಿತಾಂಶ ಬರುವ ಮೊದಲು ಸಾಲ ಮಾಡಿ ಮೆಷಿನ್ ತರಬೇಡಿ. ಮಣ್ಣು ಒಳ್ಳೆಯದೇ ಬಂದರೂ ಬರೀ ಹಸಿ ಮಣ್ಣಿನಿಂದ ಇಟ್ಟಿಗೆ ಆಗುವುದಿಲ್ಲ. ಒಣಗುವಾಗ, ಬೇಯುವಾಗ ಕುಗ್ಗಿ ಸೀಳುತ್ತದೆ. ಮೊದಲೇ ಸುಟ್ಟು ಪುಡಿ ಮಾಡಿದ ಮಣ್ಣನ್ನು ದೊಡ್ಡ ಪಾಲು ಬೆರೆಸಬೇಕು. ಸುಡುವ ಖರ್ಚು ಎರಡು ಸಲ ಬರುತ್ತದೆ.

ರಿಫೈನರಿಯ ಪೆಟ್‌ಕೋಕ್ (ಪೆಟ್ರೋಲಿಯಂ ಕೋಕ್) ಲಾರಿಗಳು ದಿನಾ ನಮ್ಮ ರಸ್ತೆಯಲ್ಲೇ ಹೋಗುತ್ತವೆ. ಎಲೆಕ್ಟ್ರೋಡಿಗೂ ಕೋಕ್ ಬೇಕಂತೆ. ಹಾಗಾದರೆ ಮಂಗಳೂರಲ್ಲೇ ಎಲೆಕ್ಟ್ರೋಡ್ ಯಾಕೆ ಮಾಡುವುದಿಲ್ಲ?
— ಓದುಗರು, ಕಾಟಿಪಳ್ಳ

ಕೋಕ್ ಎಲ್ಲ ಒಂದೇ ಅಲ್ಲ ಮಾರಾಯ್ರೆ. ನೀವು ನೋಡುವುದು ಉರಿಸುವ ಕೋಕ್. ಸಿಮೆಂಟ್ ಗೂಡಿಗೆ, ಬಾಯ್ಲರಿಗೆ ಹೋಗುವಂಥದ್ದು. ಅಂಥ ಕೋಕಿನಲ್ಲಿ ಗಂಧಕ ಶೇಕಡ 5 ದಾಟುವುದು ಸಾಮಾನ್ಯ. ಎಲೆಕ್ಟ್ರೋಡಿಗೆ ಬೇಕಾದದ್ದು ಸೂಜಿ ಕೋಕ್. ಅದನ್ನು ಒಡೆದರೆ ಒಣ ಹುಲ್ಲಿನ ಹಾಗೆ ಉದ್ದುದ್ದ ಎಳೆ ಕಾಣುತ್ತದೆ. ಗಂಧಕ ಅರ್ಧ ಶೇಕಡದ ಆಸುಪಾಸು. ಉರಿಸುವ ಕೋಕಿನಿಂದ ಕಂಬ ಮಾಡಿದಿರಿ ಎಂದುಕೊಳ್ಳಿ. 1600 ಡಿಗ್ರಿ ದಾಟುವಾಗ ಗಂಧಕ ಒಮ್ಮೆಲೇ ಹೊರನುಗ್ಗಿ ಕಂಬ ಉಬ್ಬಿ ಬಿರಿಯುತ್ತದೆ. ಎಳೆ ಇಲ್ಲದ್ದರಿಂದ ಬಿಸಿಯ ಪೆಟ್ಟನ್ನೂ ತಡೆಯುವುದಿಲ್ಲ. ಸೂಜಿ ಕೋಕ್ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲೇ ಕಡಿಮೆ, ಅಮೆರಿಕ, ಬ್ರಿಟನ್, ಜಪಾನ್, ಚೀನಾದಂಥ ಕೆಲವು ಕಡೆ. ಈಗ ಮೊಬೈಲು, ಕಾರಿನ ಲಿಥಿಯಂ ಬ್ಯಾಟರಿಯವರೂ ಅದಕ್ಕೇ ಕೈ ಹಾಕಿದ್ದಾರೆ. 2017ರಲ್ಲಿ ಚೀನಾ ಹೊಗೆ ಉಗುಳುವ ಹಳೇ ಸ್ಟೀಲ್ ಘಟಕಗಳನ್ನು ಮುಚ್ಚಿಸಿ ಆರ್ಕ್ ಫರ್ನೇಸ್ ಕಡೆ ತಿರುಗಿದಾಗ ಎಲೆಕ್ಟ್ರೋಡ್ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತ್ತು. ಆಗ ಕಾರ್ಖಾನೆಗಳಲ್ಲಿ ಮುರಿದ ತುಂಡನ್ನೂ ಬೀಗ ಹಾಕಿ ಇಡುತ್ತಿದ್ದರು.

ಇನ್ನು ಕರೆಂಟು. ಗ್ರಾಫೈಟ್ ಮಾಡುವ ಆ ಕೊನೆಯ ಒಂದು ಹಂತಕ್ಕೇ ಟನ್ನಿಗೆ ಮೂರು ಸಾವಿರ ಯೂನಿಟ್ ದಾಟುತ್ತದೆ. ದೇಶದಲ್ಲಿ ಈ ಕೆಲಸ ಮಾಡುವ ದೊಡ್ಡ ಕಾರ್ಖಾನೆಗಳು ಭೋಪಾಲ್ ಹತ್ತಿರದ ಮಂಡಿದೀಪ್, ದುರ್ಗಾಪುರ, ನಾಸಿಕ್ ಕಡೆ ಇವೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಇತ್ತು. ಗ್ರಾಫೈಟ್ ಇಂಡಿಯಾ ಸಿಗ್ನಲ್ ಎಂದು ಐಟಿ ಹುಡುಗರು ಹೇಳುತ್ತಾರಲ್ಲ, ಆ ಹೆಸರು ಬಂದದ್ದು ಅದರಿಂದಲೇ. ಸುತ್ತ ಮನೆ ಬೆಳೆದ ಮೇಲೆ ಮಸಿಯ ದೂರು ಬಂತು, ಕಾರ್ಖಾನೆ ಮುಚ್ಚಿತು. ಪಿಚ್ ಹೊಗೆ ಊರಿನ ನಡುವೆ ಇರುವಂಥದ್ದಲ್ಲ. ನಮ್ಮ ಕರಾವಳಿಯಲ್ಲಿ ಮನೆ ಇಲ್ಲದ ಜಾಗ ಎಲ್ಲಿದೆ ಹೇಳಿ.

ಉಡುಪಿಯವನು, ಡಿಪ್ಲೊಮಾ ಮುಗಿಸಿ ಬಯಲುಸೀಮೆಯ ಸ್ಟೀಲ್ ಘಟಕಕ್ಕೆ ಸೇರಿದ್ದೇನೆ. ಎಲೆಕ್ಟ್ರೋಡ್ ಜಾಯಿಂಟ್‌ನಲ್ಲೇ ಮುರಿಯುತ್ತಿದೆ. ಎಲ್ಲರೂ ಸಪ್ಲೈಯರನ್ನು ಬೈಯುತ್ತಿದ್ದಾರೆ.

ಬೈಯುವ ಮೊದಲು ನಿಪ್ಪಲ್ (ಎರಡು ಕಂಬ ಜೋಡಿಸುವ ಮರೆಯ ತುಂಡು) ಹಾಕುವುದನ್ನು ಹತ್ತಿರ ನಿಂತು ನೋಡು ತಮ್ಮ. ಮರೆಯ ಒಳಗೆ ಧೂಳು ಉಂಟಾ? ಎಣ್ಣೆ, ನೀರಿಲ್ಲದ ಗಾಳಿಯಲ್ಲಿ ಊದಬೇಕು. ಗ್ರೀಸ್ ಕೈ ತಾಗಬಾರದು. ಮಳೆಯಲ್ಲಿ ಹೊರಗಿಟ್ಟ ಕಂಬವನ್ನು ಒಣಗಿಸದೆ ಹಾಕಬಾರದು. ಟಾರ್ಕ್ ಸ್ಪ್ಯಾನರ್ (ಎಷ್ಟು ಬಿಗಿ ಎಂದು ಅಳೆಯುವ ಸ್ಪ್ಯಾನರ್) ಬಿಟ್ಟು ಅಂದಾಜಿನಲ್ಲಿ ಬಿಗಿ ಮಾಡಬಾರದು. ಗುಜರಿಯಲ್ಲಿ ಕಾಂಕ್ರೀಟು, ಹಳೇ ಇಟ್ಟಿಗೆ ಇದ್ದರೆ ಕರೆಂಟು ಹರಿಯದೆ ಕಂಬ ಅದರ ಮೇಲೆ ಹೋಗಿ ಕೂರುತ್ತದೆ, ಟಕ್ ಎಂದು ಮುರಿಯುತ್ತದೆ. ಭಾರದ ತುಂಡನ್ನು ಗುಜರಿ ಸುರಿಯುವ ಬಕೆಟ್ಟಿನ ಮೇಲ್ಗಡೆ ತುಂಬಿದರೆ ಕರಗುವಾಗ ಜಾರಿ ಹೊಡೆಯುತ್ತದೆ. ಇದೆಲ್ಲ ಸರಿ ಇದ್ದರೆ ಎಲೆಕ್ಟ್ರಿಕಲ್‌ನವರನ್ನು ಕೇಳು, ಇತ್ತೀಚೆಗೆ ಕೇಬಲ್ ಬಿಚ್ಚಿ ಹಾಕಿದ್ದೀರಾ ಎಂದು. ಮೂರು ಫೇಸಿನ ಕರೆಂಟು ತಿರುಗುವ ದಿಕ್ಕು ತಪ್ಪಿದರೆ ಜಾಯಿಂಟ್ ತಾನಾಗಿ ಸಡಿಲ ಆಗುತ್ತದೆ. ನಮ್ಮಲ್ಲಿ ಇದನ್ನು ಪತ್ತೆ ಮಾಡಲು 17 ದಿನ ಬೇಕಾಯಿತು.

ಗುಜರಿ ಅಂಗಡಿಯಲ್ಲಿ ಹಳೇ ಫೈರ್ ಬ್ರಿಕ್ ಕಡಿಮೆಗೆ ಸಿಗುತ್ತದೆ. ಕಂದು ಬಣ್ಣ, ತುಂಬ ಭಾರ. ಹಿತ್ತಲಲ್ಲಿ ಒಲೆ ಕಟ್ಟಬಹುದೇ?
— ಗೃಹಿಣಿ, ಮಣಿಪಾಲ

ಬೇಡ. ಕಂದು ಬಣ್ಣ, ಭಾರ ಎಂದರೆ ಕ್ರೋಮ್ ಇಟ್ಟಿಗೆ ಇರಬಹುದು. ಫರ್ನೇಸಲ್ಲಿ ಬಳಸಿದ ಮೇಲೆ ಅದರಲ್ಲಿ ವಿಷದ ಕ್ರೋಮಿಯಂ ಆಗಿರುವ ಸಂಭವ ಉಂಟು. ಕೆಲವದರಲ್ಲಿ ಹಳದಿ ಕಲೆ ಕಾಣುತ್ತದೆ. ಮಳೆನೀರಿನಲ್ಲಿ ಅದು ಬಾವಿಗೆ ಇಳಿಯುತ್ತದೆ. ಹೊಸ ಸಾದಾ ಇಟ್ಟಿಗೆ 40 ತನ್ನಿ, ಸಾಕು.

ನಮ್ಮ ಗೋಡಂಬಿ ಕಾರ್ಖಾನೆಯ ಬಾಯ್ಲರ್ ಬಾಗಿಲಿಗೆ ಕ್ಯಾಸ್ಟೇಬಲ್ ಹಾಕಿಸಬೇಕು. ಮೇಸ್ತ್ರಿ ಎರಡೇ ದಿನದಲ್ಲಿ ಬೆಂಕಿ ಹಾಕಬಹುದು ಎನ್ನುತ್ತಾರೆ. ಮಳೆಗಾಲದಲ್ಲಿ ಸರಿಯೇ?
— ಮೇಲ್ವಿಚಾರಕರು, ಹೆಬ್ರಿ

ಎರಡೇ ದಿನದಲ್ಲಿ ಪೂರ್ತಿ ಉರಿ ಎಂದಾದರೆ ಸರಿಯಲ್ಲ. ಯಾಕೆ ಎಂದು ನನ್ನದೇ ಅನುಭವದಿಂದ ಹೇಳುತ್ತೇನೆ.

ಸುಮಾರು 30 ವರ್ಷದ ಹಿಂದೆ, ಜೂನ್ ತಿಂಗಳು. ಇಲ್ಲೇ ಒಂದು ಘಟಕದಲ್ಲಿ ಫರ್ನೇಸ್ ಬಾಗಿಲಿಗೆ ಕ್ಯಾಸ್ಟೇಬಲ್ ಹಾಕಿದೆವು. ಕ್ಯಾಸ್ಟೇಬಲ್ ಎಂದರೆ ಉರಿ ತಾಳುವ ಕಲ್ಲಿನ ಪುಡಿಗೆ ಅಲ್ಯೂಮಿನಾ ಸಿಮೆಂಟ್ ಬೆರೆಸಿದ್ದು, ಕಾಂಕ್ರೀಟಿನ ಹಾಗೆ ನೀರು ಹಾಕಿ ಎರಕ ಹೊಯ್ಯುತ್ತೇವೆ. ಚೀಲ ನೆಲದ ಮೇಲೆ ಇದ್ದು ತೇವ ಹಿಡಿದಿತ್ತು. ಹುಡುಗರು ಸುಲಭವಾಗಲಿ ಎಂದು ಅಳತೆಗಿಂತ ಜಾಸ್ತಿ ನೀರು ಹಾಕಿದರು. ನಾನು ನೋಡಿದೆ, ಜೋರಾಗಿ ಹೇಳಲಿಲ್ಲ. ಮರುದಿನ ಮಾಲೀಕರು ಬಂದು ಆರ್ಡರ್ ಉಂಟು, ಬರ್ನರ್ ಹಾಕಿ ಎಂದರು. ನಾಲ್ಕು ಗಂಟೆ ಕಳೆದಿರಲಿಲ್ಲ. ಢಬ್ ಎಂದು ಒಂದೇ ಸದ್ದು. ಬಾಗಿಲಿನ ಮುಖ ತಟ್ಟೆಯ ಹಾಗೆ ಕಿತ್ತು ಹಾರಿತು. ಎದುರು ನಿಂತ ಹೆಲ್ಪರ್ ಹುಡುಗ ಕೈ ಅಡ್ಡ ಹಿಡಿದ. ಮುಖ ಉಳಿಯಿತು. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಅವನಿಗೆ ಆಗ 19. ಈಗಲೂ ವರ್ಷಕ್ಕೊಮ್ಮೆ ಮನೆಗೆ ಬರುತ್ತಾನೆ, ಎಡಗೈಯಲ್ಲಿ ಚಹಾ ಲೋಟ ಹಿಡಿಯುತ್ತಾನೆ.

ಒಳಗಿನ ನೀರು ಆವಿಯಾದಾಗ ಜಾಗ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಬೇಕು. ಮೇಲ್ಮೈ ಒಣಗಿ ಮುಚ್ಚಿಕೊಂಡಿರುತ್ತದೆ. ಅದು ಎಲ್ಲಿಗೆ ಹೋಗಬೇಕು?

ಚೀಲದ ಮೇಲಿನ ತಾರೀಕು ನೋಡಿ, ಆರು ತಿಂಗಳು ದಾಟಿದ್ದು ಬೇಡ. ಮರದ ಹಲಗೆಯ ಮೇಲೆ ಇಡಿ, ಪ್ಲಾಸ್ಟಿಕ್ ಹೊದಿಸಿ. ಕುಡಿಯುವಂಥ ಶುದ್ಧ ನೀರು, ಅಳತೆ ಪಾತ್ರೆಯಲ್ಲಿ. ಎರಕ ಹೊಯ್ದ ಮೇಲೆ 24 ಗಂಟೆ ಒದ್ದೆ ಗೋಣಿ ಹಾಕಿ ಮುಟ್ಟದೆ ಬಿಡಿ. ಆಮೇಲೆ ಒಂದು ದಿನ ಗಾಳಿಗೆ. ಆಮೇಲೆ ಬೆಂಕಿ, ಅದೂ ಸಣ್ಣದರಿಂದ ಶುರು, ಗಂಟೆಗೆ 25 ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. 110 ಡಿಗ್ರಿಯಲ್ಲಿ ನಿಲ್ಲಿಸಿ, 350ರ ಹತ್ತಿರ ನಿಲ್ಲಿಸಿ, 550ರ ಹತ್ತಿರ ಪುನಃ ನಿಲ್ಲಿಸಿ. ಎಷ್ಟು ಹೊತ್ತು ಎಂಬುದು ದಪ್ಪದ ಮೇಲೆ, ತಯಾರಕರ ಕಾಗದದಲ್ಲಿ ಇರುತ್ತದೆ. ಮೇಸ್ತ್ರಿ ಅದನ್ನು ಓದಲಿ. ಆ ಹೊತ್ತು ಮುಗಿಯುವವರೆಗೆ ಬಾಗಿಲಿನ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ.

ನನ್ನ ಗಂಡ ಕಾಂಟ್ರಾಕ್ಟ್ ಮೇಲೆ ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸ್ ಲೈನಿಂಗ್ ಮಾಡುತ್ತಾರೆ. 12 ವರ್ಷ ಆಯಿತು. ಬರುವಾಗ ಮೈಯೆಲ್ಲ ಬಿಳಿ ಪುಡಿ. ಆರು ತಿಂಗಳಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಧೂಳಿನ ಅಲರ್ಜಿ ಎಂದು ಮಾತ್ರೆ ತಿನ್ನುತ್ತಾರೆ. ಹೆದರಿಕೆ ಆಗುತ್ತಿದೆ.
— ಓದುಗರು, ಬೈಕಂಪಾಡಿ ಹತ್ತಿರ

ತಂಗಿ, ನಿಮ್ಮ ಕಾಗದವನ್ನು ಎಲ್ಲಕ್ಕಿಂತ ಮೊದಲು ಓದಿದೆ. ಉತ್ತರವನ್ನು ಪತ್ರಿಕೆಯವರ ಕೈಯಲ್ಲಿ ಆಗಲೇ ನಿಮಗೆ ಕಳಿಸಿದ್ದೇನೆ. ಇದೇ ಕೆಲಸ ಮಾಡುವ ಬೇರೆ ಮನೆಯವರಿಗೂ ಗೊತ್ತಾಗಲಿ ಎಂದು ಇಲ್ಲಿ ಪುನಃ ಬರೆಯುತ್ತೇನೆ.

ಆ ಬಿಳಿ ಪುಡಿ ರ‍್ಯಾಮಿಂಗ್ ಮಾಸ್. ಬೆಣಚುಕಲ್ಲಿನ ಪುಡಿಗೆ ಸ್ವಲ್ಪ ಬೋರಿಕ್ ಆಸಿಡ್ ಬೆರೆಸಿದ್ದು. ಫರ್ನೇಸಿನ ಒಳಗೆ ಕಬ್ಬಿಣದ ಡಬ್ಬಿ ಇಟ್ಟು ಸುತ್ತ ಇದನ್ನು ಒಣದಾಗಿಯೇ ತುಂಬಿ ಕುಟ್ಟಬೇಕು. ನೀರು ಹಾಕುವ ಹಾಗಿಲ್ಲ. ಅದಕ್ಕೇ ಇಷ್ಟು ಧೂಳು. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಅಲ್ಲಿ ಗಾಯದ ಗಂಟು ಕಟ್ಟುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಹಳೇ ಲೈನಿಂಗ್ ಒಡೆಯುವ ಧೂಳು ಇನ್ನೂ ಕೆಟ್ಟದ್ದು. ನಿಮ್ಮವರಿಗೆ ಅದೇ ಆಗಿದೆ ಎಂದು ನಾನು ಹೇಳುವ ಹಾಗಿಲ್ಲ, ನಾನು ಡಾಕ್ಟರಲ್ಲ. ಆದರೆ 12 ವರ್ಷ, ಒಣಕೆಮ್ಮು, ಏದುಸಿರು ಎಂದಾಗ ಅಲರ್ಜಿ ಮಾತ್ರೆಯಲ್ಲಿ ದಿನ ಕಳೆಯಬಾರದು.

ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಆಸ್ಪತ್ರೆಗೆ, ಇಲ್ಲದಿದ್ದರೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಈ ವಾರವೇ ಕರೆದುಕೊಂಡು ಹೋಗಿ. ಡಾಕ್ಟರ್ ಎದುರು ಕೂತ ಕೂಡಲೇ ಕೆಮ್ಮಿನ ಮೊದಲು ಕೆಲಸ ಹೇಳಿ. 'ಸಿಲಿಕಾ ಪುಡಿಯಲ್ಲಿ 12 ವರ್ಷ ಕೆಲಸ' ಎಂದು ಚೀಟಿಯಲ್ಲಿ ಬರೆಸಿ. ಎದೆಯ ಎಕ್ಸ್‌ರೇ ಮತ್ತು ಉಸಿರು ಊದುವ ಪರೀಕ್ಷೆ ಮಾಡಿಸಿ. ಕಫದ ಪರೀಕ್ಷೆಯೂ ಆಗಲಿ, ಈ ಧೂಳು ಹೊಕ್ಕವರಿಗೆ ಕ್ಷಯ ಬೇಗ ಅಂಟುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಿಸಬಹುದು, ಕೆಲಸ ಹೇಳದಿದ್ದರೆ ಡಾಕ್ಟರಿಗೂ ಹೊಳೆಯುವುದಿಲ್ಲ. ಬೀಡಿ ಸೇದುವುದಿದ್ದರೆ ಇವತ್ತೇ ನಿಲ್ಲಿಸಲಿ. ಆಗಿರುವ ಗಾಯವನ್ನು ಮಾಯಿಸುವ ಮದ್ದಿಲ್ಲ. ಧೂಳಿನಿಂದ ದೂರ ಹೋದರೆ ಇನ್ನಷ್ಟು ಹಾನಿ ತಪ್ಪುತ್ತದೆ, ಅದಕ್ಕೇ ಬೇಗ ಗೊತ್ತಾಗಬೇಕು.

ಪರೀಕ್ಷೆ ಆಗುವವರೆಗೆ ಲೈನಿಂಗ್ ಬಿಟ್ಟು ಬೇರೆ ಕೆಲಸ ಕೊಡಿ ಎಂದು ಕೇಳಲಿ. ಕೊಡದಿದ್ದರೆ ಮುಖಕ್ಕೆ ಬೈರಾಸು (ಟವೆಲ್) ಕಟ್ಟಿಕೊಂಡು ಹೋಗುವುದು ಬೇಡ, ಬೈರಾಸು ಆ ಧೂಳನ್ನು ತಡೆಯುವುದೇ ಇಲ್ಲ. ಕಡಿಮೆ ಎಂದರೆ ಎನ್95 ಮಾಸ್ಕ್, ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಬಟ್ಟೆಗೆ ಪೈಪಿನ ಗಾಳಿ ಹೊಡೆದು ಧೂಳು ಕೊಡವಬಾರದು. ಕಾರ್ಖಾನೆಯಲ್ಲೇ ಮಿಂದು, ಬಟ್ಟೆ ಬದಲಿಸಿ ಬರಲಿ. ಆ ಬಟ್ಟೆಯನ್ನು ನೀವು ಅಂಗಳದಲ್ಲಿ ಕೊಡವಬೇಡಿ. ಕೊಡವಿದ ಧೂಳು ನಿಮಗೆ, ಮಕ್ಕಳಿಗೆ. ಬಕೆಟ್ ನೀರಿನಲ್ಲಿ ಮುಳುಗಿಸಿ, ಒದ್ದೆಯಾದ ಮೇಲೆ ಒಗೆಯಿರಿ.

ಕಾಂಟ್ರಾಕ್ಟ್ ಕೆಲಸದವರು ಎಂದು ಯಾರಾದರೂ ಕೈ ತೊಳೆದುಕೊಂಡರೆ ನಂಬಬೇಡಿ. ಕಾಂಟ್ರಾಕ್ಟ್ ಕೆಲಸಗಾರರಿಗೂ ಇಎಸ್‌ಐ ಉಂಟು. ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆ ಎಂದು ಕಾನೂನೇ ಒಪ್ಪಿದೆ. ಡಾಕ್ಟರ್ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾಜರಿ ಚೀಟಿ, ಸಂಬಳದ ಚೀಟಿ, ಗೇಟ್ ಪಾಸ್, ಹಳೆಯದು ಏನಿದ್ದರೂ ಎಲ್ಲ ಒಂದು ಚೀಲದಲ್ಲಿ ಹಾಕಿ ತೆಗೆದಿಡಿ. 12 ವರ್ಷ ಇದೇ ಕೆಲಸ ಎನ್ನುವುದಕ್ಕೆ ಅದೇ ಆಧಾರ.

ಎಕ್ಸ್‌ರೇ ಆದ ದಿನ ಪತ್ರಿಕೆಯ ಕಚೇರಿಗೆ ಒಂದು ಫೋನ್ ಮಾಡಿ, ನನಗೆ ಮುಟ್ಟಿಸುತ್ತಾರೆ. ಆಸ್ಪತ್ರೆಗೆ ಜೊತೆಗೆ ಬರುವವರು ಬೇಕಿದ್ದರೆ ನಾನೇ ಬರುತ್ತೇನೆ. ಡಾಕ್ಟರಿಗೆ ಆ ಕೆಲಸ ಎಂಥದ್ದು ಎಂದು ವಿವರಿಸಲು ನನಗೆ ಗೊತ್ತುಂಟು.